ಎದುರುಮನೆ ದೊಡ್ಡಮ್ಮನ ರಕ್ತದ ವರದಿ

ಮೊನ್ನೆ ಶಿಡ್ಲಘಟ್ಟದ ನಮ್ಮ ಹಳೆ ಬೀದಿಗೆ ತಿರುಗುತ್ತಿದ್ದಂತೆ ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿಯಿತು. ಹೊಸಬರಾದರೆ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಎದುರುಮನೆ ದೊಡ್ಡಮ್ಮ ನೆನಪಾದರು...

ರಕ್ತಸಂಬಂಧವೇನೂ ಇರಲಿಲ್ಲ. ಇಡೀ ಬೀದಿಗೇ ಅವರು ದೊಡ್ಡಮ್ಮ. ಗಂಡ ತೀರಿಕೊಂಡ ಮೇಲೆ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕವನ್ನು ಒಬ್ಬರೇ ನಡೆಸುತ್ತಿದ್ದರು. ಬಿಸಿನೀರಲ್ಲಿ ಕೈಯಾಡಿಸಿ ಅವರ ಬೆರಳ ತುದಿಗಳೆಲ್ಲ ಬಿಳಿಚಿಕೊಂಡಿದ್ದವು. ನಾನು ಊರಿನ ರಕ್ತಪರೀಕ್ಷೆ ಲ್ಯಾಬಿನಲ್ಲಿ ಟೆಕ್ನಿಷಿಯನ್.

ಅವರ ಲಿವರಿನಲ್ಲಿ ಕ್ಯಾನ್ಸರ್ ಗೆಡ್ಡೆ ಕಂಡಿತ್ತು. ಗೆಡ್ಡೆಗೆ ಹೋಗುವ ರಕ್ತನಾಳದಲ್ಲೇ ಔಷಧಿ ಬಿಡುತ್ತೇವೆ, ಅದಕ್ಕೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದಿದ್ದರು ಬೆಂಗಳೂರಿನ ಡಾಕ್ಟರು. ವರದಿ ಬಂತು. ಮೈಯೊಳಗಿನ ಉರಿಯೂತ ತೋರಿಸುವ ಸಿಆರ್‌ಪಿ ವಿಪರೀತ ಏರಿತ್ತು, ಬಿಳಿ ರಕ್ತಕಣಗಳ ಸಂಖ್ಯೆಯೂ ಹೆಚ್ಚಿತ್ತು.

"ಏನಮ್ಮ, ಮುಖ ಯಾಕೆ ಹಿಂಗಿಟ್ಕೊಂಡಿದ್ದೀಯ? ಹೇಳ್ಬಿಡು" ಎಂದರು ವರದಿಗಾಗಿ ಲ್ಯಾಬಿಗೆ ಬಂದಿದ್ದ ದೊಡ್ಡಮ್ಮ.

ಹೇಳಬೇಕಾದ್ದು ಡಾಕ್ಟರು. ಆದರೂ ಬಾಯಿಬಿಟ್ಟೆ. "ಇದು ಜಾಸ್ತಿ ಇದ್ದೋರಿಗೆ ಟ್ರೀಟ್‌ಮೆಂಟು ಅಷ್ಟಾಗಿ ಹಿಡಿಯಲ್ಲ ಅಂತಾರೆ ದೊಡ್ಡಮ್ಮ..."

ಅವರು ಬೆಂಚಿನ ಮೇಲೆ ಕೂತೇಬಿಟ್ಟರು. "ಹಂಗಾದ್ರೆ ನಾನು ಬೆಂಗ್ಳೂರಿಗೆ ಹೋಗಲ್ಲ ಬಿಡು."

ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ. ಏನು ಮಾಡಬೇಕೆಂದು ತೋಚದೆ ಟೀ ತರಿಸಿಕೊಟ್ಟೆ. ಒಂದು ಗುಟುಕು ಕುಡಿದವರೇ ಕೆನ್ನೆ ಹಿಡಿದುಕೊಂಡರು. "ಹಲ್ಲು ಕಣೇ. ಒಂದು ತಿಂಗಳಾಯ್ತು. ಇಷ್ಟು ದೊಡ್ಡ ಕಾಯಿಲೆ ಮುಂದೆ ಹಲ್ಲುನೋವು ಅಂತ ಯಾರಿಗೆ ಹೇಳ್ಲಿ?"

ಬಾಯಿ ತೆರೆಸಿ ನೋಡಿದೆ. ಒಸಡು ಊದಿ ಕೀವು ತುಂಬಿತ್ತು. ಸಿಆರ್‌ಪಿ ಏರಲು ಇದೂ ಕಾರಣವಿರಬಹುದಲ್ಲ! ಬೆಂಗಳೂರಿನ ಡಾಕ್ಟರ ಚೀಟಿಯ ಮೇಲಿದ್ದ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮೊದಲು ಹಲ್ಲಿಗೆ ಚಿಕಿತ್ಸೆ ಆಗಲಿ, ಆಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿ ಎಂದರು ಡಾಕ್ಟರು.

ಚಿಂತಾಮಣಿಗೆ ಕರೆದುಕೊಂಡು ಹೋಗಿ ಹಲ್ಲು ಕೀಳಿಸಿದೆ. ಎರಡು ವಾರ ಬಿಟ್ಟು ಪರೀಕ್ಷೆ ಮಾಡಿದರೆ ಸಿಆರ್‌ಪಿ ಇಳಿದಿತ್ತು. ಕೇಳಿದ ದೊಡ್ಡಮ್ಮ ಹಲ್ಲಿಲ್ಲದ ಸಂದು ಕಾಣುವಂತೆ ನಕ್ಕರು. "ಅಯ್ಯೋ, ಒಂದು ಹುಳುಕು ಹಲ್ಲಿನ ಮಾತು ಕೇಳಿ ಮನೇಲಿ ಕೂತ್ಕೊಂಬಿಡ್ತಿದ್ನಲ್ಲೇ!"

ಇಳಿದದ್ದು ಒಳ್ಳೆಯದೇ, ಆದರೆ ಅದೇ ಗ್ಯಾರಂಟಿಯಲ್ಲ ಎಂದಿದ್ದರು ಡಾಕ್ಟರು. ಬೆಂಗಳೂರಿನ ಚಿಕಿತ್ಸೆ ಹಿಡಿಯಿತು. ನಾಲ್ಕು ವರ್ಷ ಬದುಕಿದರು. ಮತ್ತೆ ಘಟಕ ತೆರೆದರು, ಇಬ್ಬರು ಹೆಂಗಸರಿಗೆ ಕೆಲಸ ಕಲಿಸಿದರು. ಹೋದ ವರ್ಷ ಗೆಡ್ಡೆ ಮರಳಿ ಬಂದಾಗ ವರದಿಯನ್ನು ತಾವೇ ಓದಿಕೊಂಡು, "ಈ ಸಲ ಹಲ್ಲಲ್ಲ ಕಣೇ" ಎಂದು ನನ್ನ ಕೈ ಹಿಡಿದುಕೊಂಡರು... ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ.

ಕಳೆದ ವಾರ ಗೌರಿಬಿದನೂರಿನ ಕಡೆಯ ಹಿರಿಯರೊಬ್ಬರು ಇಂಥದೇ ಚಿಕಿತ್ಸೆಗೆ ಮುಂಚಿನ ರಕ್ತದ ವರದಿಗಾಗಿ ಬಂದಿದ್ದರು. ಸಿಆರ್‌ಪಿ ಬಹಳ ಹೆಚ್ಚಿತ್ತು. ಅದರ ಅರ್ಥ ಏನೆಂದು ನಾನು ಹೇಳಲಿಲ್ಲ. "ಮೈಯಲ್ಲಿ ಬೇರೆ ಎಲ್ಲಾದ್ರೂ ನೋವಿದ್ಯಾ ಯಜಮಾನ್ರೇ?" ಎಂದೆ. ಅವರು ಸಂಕೋಚದಿಂದಲೇ ಪಂಚೆ ಮೇಲೆತ್ತಿ ಕಾಲಿನ ಹುಣ್ಣು ತೋರಿಸಿದರು. ನಾನು ಅವರ ಡಾಕ್ಟರಿಗೆ ಫೋನ್ ಮಾಡಿದೆ.