ಎರಡು ಸಾವಿರ ಜನಕ್ಕೆ ಕಟ್ಟಿದ ಬೇಲಿ

ಕಳೆದ ಭಾನುವಾರ ಸಾಯಂಕಾಲ ನಮ್ಮ ಚನ್ನಪಟ್ಟಣದಲ್ಲಿ ಒಂದು ವೀಣೆ ಕಚೇರಿ ನಡೆಯಿತು. ಸುತ್ತ ಬೊಂಬಿನ ಬೇಲಿ, ಹೆಂಗಸರಿಗೆ ಬೇರೆ ಬಾಗಿಲು, ಬಾಗಿಲಿಗೊಬ್ಬ ಪೇದೆ, ಕುಡಿಯಲು ಎಂಟು ಹಂಡೆ ನೀರು. ಏರ್ಪಾಡೆಲ್ಲ ಎರಡು ಸಾವಿರ ಜನಕ್ಕೆ. ಬಂದವರು ಹನ್ನೊಂದು ಮಂದಿ. (ಪೇದೆಗಳನ್ನು ಬಿಟ್ಟು.)

ಆ ಏರ್ಪಾಡು ಮಾಡಿದ ಮಹಾನುಭಾವ ನಾನೇ.

ನಗಬೇಡಿ. ಇದಕ್ಕೆಲ್ಲ ಕಾರಣ ಹೊಟ್ಟೆಕಿಚ್ಚು. ಬೇರೆಯವರದಲ್ಲ, ನನ್ನದೇ.

ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿರುವ ಗುರುಮಲ್ಲಪ್ಪ ನನ್ನ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ಕೂಲಿಮಠದ ಮರಳಲ್ಲಿ ಅಕ್ಷರ ತಿದ್ದಿದವರು. ಆಗ ನಾನು ಜಾಣ, ಅವನು ದಡ್ಡ. ಈಗ ನಾನು ಸ್ಕೂಲ್ ಮೇಷ್ಟ್ರು, ಅವನು ಸಾಹುಕಾರ. ಅವನು ಬೀದಿಯಲ್ಲಿ ಬಂದರೆ ಜನ ಜಗಲಿಯಿಂದ ಇಳಿದು ಬಂದು ಮಾತಾಡಿಸುತ್ತಾರೆ. ನಾನು ಬಂದರೆ ಹುಡುಗರು ಸಂದಿಗೆ ಓಡಿಹೋಗುತ್ತಾರೆ. ಇದು ನ್ಯಾಯವೇ?

ಈ ಗುರುಮಲ್ಲಪ್ಪ ಬೆಂಗಳೂರಿನಿಂದ ಒಂದು ಗ್ರಾಮಫೋನ್ ತಂದ. ಮನೆಯಲ್ಲಿಟ್ಟುಕೊಂಡು ಕೇಳಬಾರದೇ? ಇಲ್ಲ. ಭಾನುವಾರ ಸ್ಟೇಷನ್ ಮೈದಾನದಲ್ಲಿ ಊರಿಗೆಲ್ಲ ಕೇಳಿಸುತ್ತಾನಂತೆ. ನಾನೂ ಬಹಳ ದಿನದಿಂದ ಮೈಸೂರಿನ ಒಬ್ಬ ವೀಣೆ ವಿದ್ವಾಂಸರನ್ನು ಕಾಡಿ ಬೇಡಿ ಒಪ್ಪಿಸಿದ್ದೆ. ಸ್ಕೂಲಿನ ಅಂಗಳದಲ್ಲಿ ಅವರ ಕಚೇರಿಯನ್ನು ಅದೇ ಭಾನುವಾರಕ್ಕೇ ಗೊತ್ತುಮಾಡಿದೆ. ಜನ ಯಾರ ಕಡೆ ಬರುತ್ತಾರೋ ನೋಡಿಯೇಬಿಡೋಣ ಎಂದು!

ಜನ ಸೇರಿಸಬೇಕಾದರೆ ಮುನಿಸಿಪಾಲಿಟಿ ಪರ್ಮಿಷನ್ ಬೇಕಲ್ಲ? ಆಫೀಸಿಗೆ ಹೋದರೆ ಅಲ್ಲೂ ನನಗಿಂತ ಮುಂದೆ ಅವನೇ ನಿಂತಿದ್ದ.

"ಎಷ್ಟು ಜನ ಬರ್ಬೋದು ಸಾಹುಕಾರ್ರೇ?" ಗುಮಾಸ್ತರು ಕೇಳಿದರು.

"ಒಂದ್ ನೂರ್ ಜನ ಬಂದ್ರೆ ಹೆಚ್ಚು ಸ್ವಾಮಿ. ನಮ್ ಪೆಟ್ಟಿಗೆ ಹಾಡು ಕೇಳಕ್ಕೆ ಇನ್ಯಾರ್ ಬತ್ತಾರೆ?"

ಮೊಹರು ಬಿತ್ತು. ಕೆಲಸ ಮುಗಿಯಿತು. ಅವನು ಸುಳ್ಳು ಹೇಳಲಿಲ್ಲ ನೋಡಿ, ನಿಜವಾಗಿಯೂ ಹಾಗೆಯೇ ತಿಳಿದಿದ್ದ. ಆ ಸಾದಾತನವೇ ನನ್ನ ಮೈಯೆಲ್ಲ ಉರಿಸುವುದು.

ನನ್ನ ಸರದಿ ಬಂತು. "ನಿಮ್ಮಲ್ಲಿಗೆ ಎಷ್ಟು ಜನ ಮೇಷ್ಟ್ರೇ?"

"ಎರಡು ಸಾವಿರ."

ಗುಮಾಸ್ತರು ಕನ್ನಡಕ ತೆಗೆದರು. "ವೀಣೆಗಾ?"

"ವೀಣೆಗೇ."

"ಅಷ್ಟ್ ಜನ ಅಂದ್ರೆ ಬೇಲಿ ಆಗ್ಬೇಕು. ಹೆಂಗಸ್ರಿಗೆ ಬೇರೆ ದಾರಿ ಬೇಕು. ಪೊಲೀಸ್ ದಫೇದಾರ್ರು ಒಪ್ಬೇಕು, ಸ್ಯಾನಿಟರಿ ಇನ್ಸ್‌ಪೆಕ್ಟರ್ರು ಜಾಗ ನೋಡ್ಬೇಕು. ಒಸಿ ಕಮ್ಮಿ ಬರ್ಕೊಳ್ಲಾ?"

ಹೂಂ ಎನ್ನಬಹುದಿತ್ತು. ಆದರೆ ಗುರುಮಲ್ಲಪ್ಪ ಇನ್ನೂ ಬಾಗಿಲಲ್ಲೇ ಚಪ್ಪಲಿ ಮೆಟ್ಟುತ್ತಿದ್ದ. "ಒಬ್ಬನನ್ನೂ ಕಮ್ಮಿ ಮಾಡಬೇಡಿ" ಎಂದೆ.

ಆಮೇಲಿನ ಅಲೆದಾಟ ಯಾಕೆ ಕೇಳುತ್ತೀರಿ? ದಫೇದಾರರು ಬಂದೋಬಸ್ತಿಗೆಂದು ಕಾನಕಾನಹಳ್ಳಿಗೆ ಹೋಗಿದ್ದರು. ಇನ್ಸ್‌ಪೆಕ್ಟರು ಟೇಪು ಹಿಡಿದು ಅಳೆದು, ಹೆಂಗಸರ ಬಾಗಿಲು ಒಂದು ಮೊಳ ಚಿಕ್ಕದು ಎಂದರು. ಬೊಂಬು ಸಾವನದುರ್ಗದ ಕಡೆಯಿಂದ ಗಾಡಿಯಲ್ಲಿ ಬಂತು. ಬಿಸಿಲಲ್ಲಿ ಓಡಾಡುವಾಗ ಗುರುಮಲ್ಲಪ್ಪ ಅಂಗಡಿಯಿಂದ ಕೂಗುತ್ತಿದ್ದ. "ಏನ್ಲಾ, ಮಕ ಬಾಡೋಗೈತೆ? ಬಾ, ಒಸಿ ಮಜ್ಜಿಗೆ ಕುಡ್ದು ಹೋಗು." ಕುಡಿದೆ. ಹೊಟ್ಟೆ ತಣ್ಣಗಾಗಲಿಲ್ಲ.

ಭಾನುವಾರ ಬಂತು. ನನ್ನ ಮನೆಯಾಕೆ, "ನೀವ್ ಮುಂದೆ ನಡೀರಿ, ನಾನು ಹಿಂದೇನೇ ಬತ್ತೀನಿ" ಎಂದಳು. ಅತ್ತ ಅಕ್ಕೂರಿನ ಗಾಡಿಗಳು ಮೈದಾನದ ಕಡೆ ಸಾಲುಗಟ್ಟಿದವು. ಕ್ಲೋಸ್‌ಪೇಟೆಯಿಂದ ಬಂದ ರೈಲು ಜನರನ್ನು ಸುರಿಯಿತು. ಎಲ್ಲ ಅವನ ಪೆಟ್ಟಿಗೆಗೆ. ಇತ್ತ ನನ್ನ ಹನ್ನೊಂದು ಮಂದಿಯಲ್ಲಿ ನಾಲ್ವರು ನಮ್ಮ ಸ್ಕೂಲಿನ ಮೇಷ್ಟ್ರುಗಳೇ. ಹೆಂಗಸರ ಬಾಗಿಲಿನಿಂದ ಒಬ್ಬರೂ ಬರಲಿಲ್ಲ. ನನ್ನಾಕೆಯೂ ಬರಲಿಲ್ಲ.

ವಿದ್ವಾಂಸರು ಎರಡನೆಯ ಕೀರ್ತನೆ ಎತ್ತಿಕೊಂಡಿದ್ದರು. ಗುರುಮಲ್ಲಪ್ಪ ಓಡಿಬಂದ. ತಲೆಯ ಮೇಲೆ ಪೇಟವಿರಲಿಲ್ಲ.

"ಲೇ, ಬೊಂಬು ಬಿಚ್ಲಾ! ಪೇದೆಗಳ್ನ ಕಳ್ಸು! ಪೆಟ್ಟಿಗೆ ಸದ್ದು ಹಿಂದಿರೋರ್ಗೆ ಕೇಳಕಿಲ್ಲ, ಎಲ್ಲಾ ಮುಂದಕ್ಕೆ ನುಗ್ತಾವ್ರೆ. ಹೆಂಗಸ್ರು ಮುಂದ್ಗಡೆ ಸಿಕ್ಕಾಕೊಂಡ್‌ಬುಟ್ಟವ್ರೆ ಕಣ್ಲಾ!"

ಕೇಳಿದ ಕೂಡಲೇ ನನಗೇನಾಯಿತು ಗೊತ್ತೇ? ಖುಷಿಯಾಯಿತು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನಾನು ಕೋಟಿನ ಜೇಬಿನಿಂದ ಮೊಹರು ಬಿದ್ದ ಕಾಗದ ತೆಗೆದು ಬಿಡಿಸಿದೆ.

"ಈ ಪರ್ಮಿಷನ್ ಈ ಜಾಗಕ್ಕೆ ಮಾತ್ರ. ಬೇಲಿ, ಪೇದೆ ಯಾವುದನ್ನೂ ಬೇರೆ ಕಡೆ ಒಯ್ಯುವಂತಿಲ್ಲ. ನೀನು ನೂರು ಜನ ತಾನೇ ಬರೆಸಿದ್ದು?"

ಅವನು ಬೈಯಲಿಲ್ಲ. "ಲೇ, ಅತ್ತಿಗೆಮ್ಮನೂ ಅಲ್ಲೇ ಅವ್ರೆ" ಎಂದ.

ಮೊದಲ ಬೊಂಬನ್ನು ಬಿಚ್ಚಿದವನು ನಾನು. ಪೇದೆಗಳು, ಮೇಷ್ಟ್ರುಗಳು, ಕೊನೆಗೆ ವಿದ್ವಾಂಸರೂ ಬೊಂಬು ಹೊತ್ತು ಓಡಿದರು. ಓಡುವಾಗ ನನಗೆ ಭಯವಿತ್ತು, ಇರಲಿಲ್ಲ ಎನ್ನುವುದಿಲ್ಲ. ಅದರ ಜೊತೆಗೇ ಇನ್ನೊಂದು ಮಾತು ತಲೆ ಕೊರೆಯುತ್ತಿತ್ತು: ಹೋಗಿ ಹೋಗಿ ನನ್ನಾಕೆ ಇವನ ಪೆಟ್ಟಿಗೆ ಕೇಳಲು ಹೋದಳಲ್ಲ!

"ಮೊದಲು ಆ ಪೆಟ್ಟಿಗೆ ನಿಲ್ಲಿಸಿ" ಎಂದರು ವಿದ್ವಾಂಸರು. ಹಾಡು ನಿಂತಿತು, ನೂಕಾಟವೂ ಸಡಿಲವಾಯಿತು. ಬೊಂಬುಗಳನ್ನು ಅಡ್ಡ ಹಿಡಿದು ಪೇದೆಗಳು ಜನರನ್ನು ಹಿಂದಕ್ಕೆ ತಳ್ಳಿದರು. ಪಕ್ಕದಲ್ಲಿ ದಾರಿ ಮಾಡಿ ಹೆಂಗಸರನ್ನು ಒಬ್ಬೊಬ್ಬರಾಗಿ ಹೊರಗೆ ಬಿಟ್ಟೆವು. ಬಳೆ ಒಡೆದವು, ಒಬ್ಬ ಮುದುಕನ ಕಾಲು ಉಳುಕಿತು. ಅಷ್ಟರಲ್ಲೇ ಮುಗಿಯಿತು ಪುಣ್ಯಕ್ಕೆ. ನನ್ನಾಕೆ ಕೆದರಿದ ತಲೆಯಲ್ಲಿ ನಡುಗುತ್ತಾ ಬಂದಳು.

ಮಾರನೆಯ ದಿನ ಮುನಿಸಿಪಾಲಿಟಿಯವರು ಸಮಯಸ್ಫೂರ್ತಿ ತೋರಿದ್ದಕ್ಕೆ ಹಾರ ಹಾಕಿದರು. ಯಾರಿಗೆ? ಗುರುಮಲ್ಲಪ್ಪನಿಗೆ! ಬೊಂಬು ನನ್ನದು, ಹಾರ ಅವನದು. ಅವನು, "ಮೇಷ್ಟ್ರು ಇಲ್ದಿದ್ರೆ ನಮ್ ಗತಿ ಏನಾಗ್ತಿತ್ತೋ" ಎಂದು ಅದನ್ನು ತೆಗೆದು ನನ್ನ ಕೊರಳಿಗೇ ಹಾಕಿದ. ನಾನು ಕಾಗದ ಬಿಡಿಸಿ ತೋರಿಸಿದ ವಿಷಯವನ್ನು ಅವನು ಈವರೆಗೆ ಯಾರಿಗೂ ಹೇಳಿಲ್ಲ. ನನ್ನ ಕೈಯಲ್ಲಾದರೆ ಅದು ಆಗುತ್ತಿತ್ತೇ? ಅದಕ್ಕೂ ಹೊಟ್ಟೆಕಿಚ್ಚು ನನಗೆ.

ಆದರೆ ಪೇದೆಗಳು ಬಾಯಿ ಮುಚ್ಚಿಕೊಂಡಿರುತ್ತಾರೆಯೇ? ಒಬ್ಬ ಪೇದೆಯ ಹೆಂಡತಿ ನೀರಿನ ಬಾವಿಯ ಹತ್ತಿರ ನನ್ನಾಕೆಗೆ ಎಲ್ಲವನ್ನೂ ಹೇಳಿದ್ದಾಳೆ. ನಿನ್ನೆ ಊಟಕ್ಕೆ ಕೂತಿದ್ದೆ. ಸಾರು ಬಡಿಸಲು ಬಂದವಳು ಸೌಟು ಹಿಡಿದು ಹಾಗೇ ನಿಂತಳು.

"ಅಲ್ಲಿ ನಾನೊಬ್ಳು ಇಲ್ದೆ, ಬರೀ ಊರೋರ್ ಹೆಂಗಸ್ರೇ ಇದ್ದಿದ್ರೆ, ಬೊಂಬು ಬಿಚ್ತಿದ್ರಾ?"