ಸಿಪ್ಪೆ ಕಾಣದ ತತ್ತಿ

ನಾನು ಮದುವೆಯಾಗಿ ಇಳಕಲ್ಲಿಗೆ ಬಂದಾಗ ಆ ಮನೆಯಲ್ಲಿ ಮಗ್ಗವೊಂದೇ ಮಾತಾಡುತ್ತಿತ್ತು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಗಂಡ ಸೊಲ್ಲಾಪುರದ ಗಿರಣಿ ಸೇರಿದ್ದ. ಹುನಗುಂದದ ಮೇಲಿಂದ ಗಾಡಿಯಲ್ಲಿ ಬಾಗಲಕೋಟೆಗೆ ಹೋಗಿ ರೈಲು ಹತ್ತಿದನೆಂದರೆ ಮುಗಿಯಿತು, ಪಂಚಮಿಗೋ ದೀಪಾವಳಿಗೋ ಮನಸ್ಸಾದರೆ ಮುಖ ತೋರಿಸುತ್ತಿದ್ದ. ಉಳಿದವರು ಮಾವ ಮತ್ತು ನಾನು. ಪಡಸಾಲೆಯ ಕುಣಿಮಗ್ಗದಲ್ಲಿ ಸೊಂಟದ ತನಕ ಇಳಿದು ಅವರು ಸೀರೆ ನೇಯುತ್ತಿದ್ದರು. ಒಳಗೆ ಒಲೆಯ ಮುಂದೆ ನಾನು.

ಮಾವನೆದುರು ಸೊಸೆ ಬಾಯಿ ತೆರೆಯಬಾರದು, ಅವರೂ ಸೊಸೆಯನ್ನು ನೇರ ಮಾತಾಡಿಸಬಾರದು. ನಮ್ಮ ಕಡೆ ಆಗ ಹಾಗಿತ್ತು. ಮನೆಯಲ್ಲಿ ಅತ್ತೆಯೋ ನಾದಿನಿಯೋ ಒಂದು ಕೂಸೋ ಇದ್ದರೆ ಅವರ ಮೂಲಕ ಮಾತು ಆಚೆ ಈಚೆ ದಾಟುತ್ತದೆ. ನಮ್ಮಲ್ಲಿ ಯಾರಿದ್ದರು, ಮಣ್ಣು? ರೊಟ್ಟಿಯಾಯಿತೆಂದು ಹೇಳಲು ನಾನು ಬಾಗಿಲ ಮರೆಯಲ್ಲಿ ನಿಂತು ಬಳೆ ಸದ್ದು ಮಾಡಬೇಕು. ನೀರು ಬೇಕಾದರೆ ಅವರು ಕೆಮ್ಮಬೇಕು. ಒಮ್ಮೆ ಅವರಿಗೆ ಖರೆ ಕೆಮ್ಮು ಹತ್ತಿದಾಗ ನಾನು ಚರಿಗೆ ಮೇಲೆ ಚರಿಗೆ ನೀರು ತಂದಿಟ್ಟೆ. ಬೇಡವೆಂದು ಹೇಳುವುದು ಹೇಗೆಂದು ತಿಳಿಯದೆ ಪಾಪ ಅವರು ಅಷ್ಟನ್ನೂ ಕುಡಿದರು.

ಬಾದಾಮಿ ಕಡೆಯ ನನ್ನ ತವರಿನಲ್ಲಿ ನನ್ನನ್ನು ವಟವಟಿ ಎನ್ನುತ್ತಿದ್ದರು. ಅಂಥವಳು ದಿನವಿಡೀ ನೂಲು ಸುತ್ತುತ್ತ, ಲಾಳಿಗೆ ಹಾಕುವ ಕಂಡಿಕೆ ತುಂಬಿ ಹೊಸ್ತಿಲ ಮೇಲಿಡುತ್ತ, ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಕೆಲವು ಸಲ ನನ್ನ ದನಿಯೇ ನನಗೆ ಮರೆತುಹೋಗುತ್ತದೆಂದು ಹೆದರಿಕೆಯಾಗಿ, ಹಿತ್ತಲಿಗೆ ಹೋಗಿ ಅಕ್ಕಿ ಬೇಳೆಯ ಹೆಸರುಗಳನ್ನು ಗಟ್ಟಿಯಾಗಿ ಹೇಳಿ ಬರುತ್ತಿದ್ದೆ.

ಒಂದು ಬೇಸಿಗೆಯಲ್ಲಿ ನಾಯಿ ಬಂತು. ಎಲ್ಲಿಯದೋ ಕಂದು ಬಣ್ಣದ ಬೀದಿನಾಯಿ. ನೆರಳು ಹುಡುಕುತ್ತ ಬಂದು ಪಡಸಾಲೆಗೂ ಅಡುಗೆಮನೆಗೂ ನಡುವಿನ ಹೊಸ್ತಿಲಲ್ಲಿ ಮಲಗಿತು. ಓಡಿಸಬೇಕೆಂದರೆ ಮಾವ ಹೇಳಬೇಕು, ಅವರು ನನಗೆ ಹೇಳುವಂತಿಲ್ಲ. ಹೀಗಾಗಿ ಅದು ಉಳಿಯಿತು. ಒಂದು ಮಧ್ಯಾಹ್ನ ಉಣ್ಣುತ್ತಿದ್ದ ಮಾವ ತುತ್ತು ನಿಲ್ಲಿಸಿ ನಾಯಿಯತ್ತ ತಿರುಗಿದರು.

"ಪಲ್ಯಾಕ್ಕ ಉಪ್ಪ ಹಾಕಿಲ್ಲ ಅಂತ ಹೇಳಬಾರದೇನಪಾ ಆಕಿಗೆ?"

ನನಗೆ ನಗು ಬಂತು, ಸಿಟ್ಟೂ ಬಂತು. ಒಳಗಿನಿಂದ ನಾನೂ ನಾಯಿಗೇ ಹೇಳಿದೆ: "ಉಪ್ಪ ಗಂಗಾಳದ ಬಾಜೂಕ ಇಟ್ಟೇನಿ, ಕಣ್ಣ ತೆರದು ನೋಡ್ರಿ ಅಂತ ಹೇಳು."

ಅಂದಿನಿಂದ ಆ ಮನೆಗೆ ಜೀವ ಬಂತು. ಮೊದಮೊದಲು ಉಪ್ಪು, ನೀರು, ಕಂಡಿಕೆ ಇಷ್ಟೇ. ಬರಬರುತ್ತ ಮಾತು ಉದ್ದವಾಯಿತು. ಅತ್ತೆ ಸೆರಗಿನ ಎಳೆ ಜೋಡಿಸುವುದರಲ್ಲಿ ಎಷ್ಟು ಜಾಣೆಯಾಗಿದ್ದರೆಂದು ಮಾವ ನಾಯಿಗೆ ಹೇಳಿದರು. ತವರಿನ ಬಾವಿ, ಮಹಾಕೂಟದ ಹೊಂಡದಲ್ಲಿ ಈಜಿದ್ದು ಎಲ್ಲವನ್ನೂ ನಾನು ನಾಯಿಗೆ ಹೇಳಿದೆ. ಒಂದು ದೀಪಾವಳಿಗೆ ಗಂಡ ಬರಲೇ ಇಲ್ಲ. "ಮನಿ ಅನ್ನೂದು ನೆನಪೈತೋ ಇಲ್ಲೋ ಅವರಿಗೆ, ಕೇಳು" ಎಂದೆ. ಮಾವ ಲಾಳಿಯನ್ನು ಪಕ್ಕಕ್ಕಿಟ್ಟರು. "ದಾರಿ ದೂರ ಐತಿ, ಬರ್ತಾನ ಅಂತ ಹೇಳು" ಎಂದರು. ನಾಯಿ ಇಬ್ಬರ ಮುಖವನ್ನೂ ನೋಡಿ ಬಾಲ ಅಲ್ಲಾಡಿಸಿತು. ನಾನು ಒಲೆಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಆ ನಾಯಿ ಮುಂದೆ ಸೊರಗತೊಡಗಿತು. ಕಜ್ಜಿ ಹತ್ತಿ ಕೂದಲು ಉದುರಿ ಪಕ್ಕೆಲುಬು ಕಾಣುವಂತಾಯಿತು. ನಮ್ಮ ಮನೆಯ ಜೋಳದ ರೊಟ್ಟಿ, ಮಜ್ಜಿಗೆ ಅದಕ್ಕೆ ಸಾಲುತ್ತಿರಲಿಲ್ಲ. ಹಿತ್ತಲ ಗೋಡೆಯಾಚೆ ಮುಸಲ್ಮಾನರ ಮನೆ. ಅವರದು ನೂಲಿಗೆ ಬಣ್ಣ ಹಾಕುವ ಕೆಲಸ. ಆ ಮನೆಯ ಮುದುಕಿಯನ್ನು ನಾನು ಆಯಿ ಎನ್ನುತ್ತಿದ್ದೆ. ಆಕೆ ಕೋಳಿ ಸಾಕಿದ್ದಳು. ಗೋಡೆಯ ಮೇಲಿಂದ ನಾಯಿಯನ್ನು ನೋಡಿ, "ಇದಕ್ಕ ತತ್ತಿ ತಿನಸವ್ವಾ, ಇಲ್ಲಾಂದ್ರ ಉಳಿಯಂಗಿಲ್ಲ" ಎಂದಳು.

ನಮ್ಮ ಮನೆಯಲ್ಲಿ ತತ್ತಿ ಎಂಬ ಶಬ್ದಕ್ಕೂ ಜಾಗವಿರಲಿಲ್ಲ. ಮಾವ ಲಿಂಗಪೂಜೆ ಆಗದೆ ಹನಿ ನೀರು ಮುಟ್ಟುವವರಲ್ಲ. ಆಯಿಗೆ ಅದು ಗೊತ್ತು. "ನಿನ್ನ ಒಲಿ ಮ್ಯಾಲೆ ಯಾರ ಇಡು ಅಂದ್ರು? ನಾ ಕುದಸಿ ಕೊಡ್ತೇನಿ. ಆದ್ರ ನಾ ಹೇಳಿದಂಗ ತಿನಸಬೇಕು" ಎಂದು ನಿಯಮಗಳನ್ನು ಹೇಳಿದಳು. ಹಸಿ ತತ್ತಿ ಕೂಡದು. ಒಳಗೆಲ್ಲ ಗಟ್ಟಿಯಾಗುವ ಹಾಗೆ ಕುದಿಸಬೇಕು, ಚೆನ್ನಾಗಿ ಆರಿಸಬೇಕು. ಉಪ್ಪು, ಉಳ್ಳಾಗಡ್ಡಿ, ಒಗ್ಗರಣೆ ಏನೂ ಬೇಡ. ಮೊದಲು ಅರ್ಧ ಕೊಟ್ಟು ಹೊಟ್ಟೆ ಒಪ್ಪುತ್ತದೋ ನೋಡಬೇಕು, ಆಮೇಲೂ ದಿನಾ ಕೊಡಬಾರದು. ಎಲ್ಲಕ್ಕಿಂತ ದೊಡ್ಡದು ಸಿಪ್ಪೆಯ ಮಾತು.

"ಸಿಪ್ಪಿ ಅದರ ಕಣ್ಣಿಗೆ ಬೀಳಬಾರದು. ಸುಲದು, ರೊಟ್ಟಿಯೊಳಗ ಕಿವುಚಿ, ಗುರ್ತ ಸಿಗದಂಗ ಮಾಡಿ ಹಾಕು. ಒಮ್ಮಿ ಸಿಪ್ಪಿ ಒಡದು ತಿನ್ನೂದು ಕಲೀತಂದ್ರ ಓಣ್ಯಾಗಿನ ಒಂದು ಕೋಳಿಗೂಡು ಬಿಡೂದಿಲ್ಲ."

ನಾನು ಹಾಗೆಯೇ ಮಾಡಿದೆ. ಆಯಿ ತನ್ನ ಮನೆಯೊಳಗೇ ಸುಲಿದು, ಕಿವುಚಿ, ಒಡೆದ ಗಡಿಗೆಯ ಚೂರಿನಲ್ಲಿ ಗೋಡೆ ದಾಟಿಸುತ್ತಿದ್ದಳು. ನಾನು ಸೆರಗಿನ ಮರೆಯಲ್ಲಿ ಹಿತ್ತಲ ಮೂಲೆಗೆ ಒಯ್ದು ಉಣಿಸಿ, ಚೂರು ತೊಳೆದು ತಿರುಗಿ ಕೊಡುತ್ತಿದ್ದೆ. ಮಾವನಿಗೆ ಸುಳಿವು ಹತ್ತಲಿಲ್ಲ. ನಾಯಿಗೆ ಹೊಸ ಕೂದಲು ಬಂತು. "ಈಗ ಚಲೋ ಕಾಣಾಕ್ಹತ್ತೀಯಲ್ಲೋ, ಏನ್ ತಿಂತಿಯೋ ಏನೋ" ಎಂದು ಮಾವ ಅದರ ತಲೆ ಸವರಿದಾಗ ನಾನು ಬಾಗಿಲ ಮರೆಗೆ ಇನ್ನಷ್ಟು ಸರಿದೆ. ಆದರೆ ಆ ಮಾತು ಆಡುವಾಗ ಅವರ ಮುಖವೂ ಅಷ್ಟು ಸರಿ ಇರಲಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

ಒಂದು ಮುಂಜಾನೆ ಆಯಿಯ ಕೂಗು ಕೇಳಿ ಹಿತ್ತಲಿಗೆ ಓಡಿದೆ. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಿ ಅದರಡಿಯ ತತ್ತಿಗಳನ್ನೆಲ್ಲ ನಮ್ಮ ನಾಯಿ ತಿಂದು ಮುಗಿಸಿತ್ತು. ಮೂತಿಗೆ ಹಳದಿ ಹತ್ತಿತ್ತು, ಗೂಡಿನ ತುಂಬ ಸಿಪ್ಪೆಯ ಚೂರು. ಆಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾ ಹೇಳಿದ್ದೇನು, ನೀ ಮಾಡಿದ್ದೇನು?" ಎಂದಳು. "ಹಸೀವು ಹಾಕಿದಿ ಹೌದಿಲ್ಲೋ?"

"ಇಲ್ಲ ಆಯಿ. ಲಿಂಗದಾಣಿ, ನೀ ಕೊಟ್ಟದ್ದು ಬಿಟ್ಟು ಒಂದು ಚೂರು ಹಾಕಿಲ್ಲ."

"ಮತ್ತ ಅದಕ್ಕ ಕಲಿಸಿದವರ್‍ಯಾರು, ನಾನಾ?" ಎಂದು ಆಕೆ ಒಳಗೆ ಹೋದಳು. ಊರಲ್ಲಿ ನನ್ನ ಮುಖ ನೋಡಿ ಮಾತಾಡುತ್ತಿದ್ದವಳು ಆಕೆಯೊಬ್ಬಳೇ. ಆ ಗೋಡೆಯೂ ಅಂದು ಮುಚ್ಚಿಹೋಯಿತು. ನಾನು ಸುಳ್ಳು ಹೇಳಿರಲಿಲ್ಲ, ಆದರೆ ನನ್ನ ಮಾತು ನಂಬಲು ಆಕೆಗೆ ಯಾವ ಕಾರಣವೂ ಇರಲಿಲ್ಲ.

ತತ್ತಿ ಕದಿಯುವ ನಾಯಿಗೆ ನಮ್ಮ ಓಣಿಯಲ್ಲಿ ಒಂದೇ ಔಷಧ. ತತ್ತಿಯೊಂದನ್ನು ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ಅದರ ಬಾಯಿಗೆ ತುರುಕಿ, ದವಡೆ ಅದುಮಿ ಹಿಡಿಯುವುದು. ಮುಂದೆ ಅದು ತತ್ತಿ ಕಂಡರೆ ಓಡುತ್ತದೆ. ಕೆಳಗಿನ ಓಣಿಯ ಒಂದು ನಾಯಿಗೆ ಹೀಗೆ ಮಾಡಿದ್ದರು. ಅದರ ಬಾಯೊಳಗೆಲ್ಲ ಹುಣ್ಣಾಗಿ, ನೀರೂ ಇಳಿಯದೆ ಸತ್ತುಹೋಗಿತ್ತು. ಆಯಿಯ ಮಗ ಬಣ್ಣದ ಒಲೆಯಿಂದ ಇಕ್ಕಳದಲ್ಲಿ ತತ್ತಿ ಹಿಡಿದು ನಮ್ಮ ಮುಂಬಾಗಿಲಿಗೆ ಬಂದ. ಕೆಟ್ಟವನೇನಲ್ಲ. ಅವನ ಹಿಂದೆಯೇ ಆಯಿಯೂ ಬಂದಳು.

"ಕಾಕಾ, ಸಿಟ್ಟಾಗಬ್ಯಾಡ್ರಿ" ಎಂದ ಅವನು ಮಾವನಿಗೆ. "ಇದನ್ನ ಹಿಂಗ ಬಿಟ್ರ ಓಣಿ ಮಂದಿ ಬಡದು ಕೊಲ್ತಾರ. ಬಾಯಿ ಸುಟ್ರ ಬುದ್ಧಿ ಬರ್ತೇತಿ. ನೀವೊಂದೀಟು ಹಿಡೀರಿ."

ನಾಯಿ ಎಂದಿನಂತೆ ಹೊಸ್ತಿಲಲ್ಲಿ ಮಲಗಿತ್ತು. ಅತಿಥಿ ಬಂದರೆಂದು ಬಾಲ ಬಡಿಯಿತು. ಅದು ಸತ್ತರೆ ಈ ಮನೆಯಲ್ಲಿ ನಾನು ಮತ್ತೆ ಬಳೆ ಸದ್ದು ಮಾಡುತ್ತ, ಮಾವ ಕೆಮ್ಮುತ್ತ, ಹೀಗೇ ಮುದುಕಿಯಾಗಿ ಸಾಯಬೇಕು. ಪರಗಂಡಸಿನ ಎದುರು, ಮಾವನ ಎದುರು, ಬಾಗಿಲು ದಾಟಿ ಬಂದು ನಾಯಿಯ ಪಕ್ಕ ಕೂತು ಅದರ ಕೊರಳು ಅಪ್ಪಿಕೊಂಡೆ. ತಲೆಯ ಮೇಲೆ ಸೆರಗಿತ್ತೋ ಇಲ್ಲವೋ ನೆನಪಿಲ್ಲ. "ನಾ ಹಸೀದು ಹಾಕಿಲ್ಲ ಅಂತ ಹೇಳೋ ಇವರಿಗೆ, ನೀನರ ಹೇಳೋ" ಎಂದು ನಾಯಿಗೆ ಹೇಳುತ್ತ ಅತ್ತುಬಿಟ್ಟೆ.

ಮಗ್ಗ ನಿಂತಿತು. ಮಾವ ಎರಡೂ ಕೈ ಊರಿ ಕುಣಿಯಿಂದ ಮೇಲೆ ಬಂದರು. ನನ್ನತ್ತ ನೋಡಲಿಲ್ಲ. ಇಕ್ಕಳ ಹಿಡಿದವನ ಮುಂದೆ ಹೋಗಿ ನಿಂತರು.

"ಸುಡೂದಾದ್ರ ನನ್ನ ಕೈ ಸುಡಪಾ" ಎಂದರು. "ಹಾಕಿದಾಂವ ನಾ."

ಯಾರಿಗೂ ಅರ್ಥವಾಗಲಿಲ್ಲ. ಅವರು ಮಗ್ಗದ ಹಿಂದಿನ ಕತ್ತಲ ಮೂಲೆಗೆ ಹೋಗಿ, ಹಾಳುನೂಲು ತುಂಬಿಡುವ ಬುಟ್ಟಿಯನ್ನು ಎಳೆದು ತಂದರು. ನೂಲಿನ ನಡುವೆ ಬಟ್ಟಲಿನಂತೆ ತಗ್ಗು, ತಗ್ಗಿನಲ್ಲಿ ಒಂದು ತತ್ತಿ, ಕೋಳಿಯ ಎರಡು ಪುಕ್ಕ. ಆಯಿಯ ಕೋಳಿಯೊಂದು ಬಹಳ ದಿನದಿಂದ ನಮ್ಮ ಪಡಸಾಲೆಗೆ ಬಂದು ಆ ಬುಟ್ಟಿಯಲ್ಲಿ ತತ್ತಿ ಇಡುತ್ತಿತ್ತು. ಮುಟ್ಟಿ ಎತ್ತುವುದು ಮಾವನಿಗೆ ಆಗದು. ತತ್ತಿ ಹಿಡಿದು ಓಣಿಯಲ್ಲಿ ನಡೆದು ಹೋಗಿ ಕೊಟ್ಟುಬರಲು ನಾಚಿಕೆ. ನನಗೆ ಹೇಳುವಂತಿಲ್ಲ. ನಾಯಿ ಬೇರೆ ಬಡಕಲಾಗಿತ್ತು. ಲಾಳಿಯ ತುದಿಯಿಂದ ತತ್ತಿಯನ್ನು ಅದರ ಮುಂದೆ ಉರುಳಿಸಿಬಿಡುತ್ತಿದ್ದರಂತೆ. ಸಿಪ್ಪೆ ಸಮೇತ.

"ಒಣಗಿ ಸಾಯೂದು ನೋಡಾಕ ಆಗಲಿಲ್ಲ" ಎಂದರು. "ಆಕಿದೇನೂ ತಪ್ಪಿಲ್ಲ."

ಒಂದೇ ನಾಯಿಗೆ ನಾನು ಹಿತ್ತಲಲ್ಲಿ ಕದ್ದು ಬೆಂದ ತತ್ತಿ ಉಣಿಸುತ್ತಿದ್ದೆ, ಅವರು ಪಡಸಾಲೆಯಲ್ಲಿ ಕದ್ದು ಹಸಿಯದು ತಿನ್ನಿಸುತ್ತಿದ್ದರು. ನಡುವೆ ಒಂದು ಹೊಸ್ತಿಲು. ಆಯಿ ಮೊದಲು ನನ್ನ ಮುಖ ನೋಡಿದಳು, ಆಮೇಲೆ ಮಾವನದು, ಆಮೇಲೆ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ನಗುತ್ತಲೇ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಅಷ್ಟೊತ್ತಿಗೆ ಇಕ್ಕಳದ ತತ್ತಿ ಆರಿತ್ತು. ಮಗನ ಕೈಯಿಂದ ಅದನ್ನು ಕಸಿದುಕೊಂಡು ತನ್ನ ಮನೆಗೆ ಹೋಗಿ, ಸುಲಿದು, ರೊಟ್ಟಿಯಲ್ಲಿ ಕಿವುಚಿ, ಗಡಿಗೆಯ ಚೂರಿನಲ್ಲಿ ತಂದು ನಾಯಿಯ ಮುಂದೆ ಇಟ್ಟಳು. ಬಾಯಿ ಸುಡಲು ಬಂದ ತತ್ತಿಯನ್ನು ನಾಯಿ ನೆಕ್ಕಿ ನೆಕ್ಕಿ ತಿಂದಿತು.

ಅಂದಿನಿಂದ ಆಯಿ ತನ್ನ ಕೋಳಿಗೂಡುಗಳನ್ನು ಎತ್ತರದಲ್ಲಿ ಕಟ್ಟಿದಳು. ಹಾಳುನೂಲಿನ ಬುಟ್ಟಿಗೆ ಮಾವ ಮುಚ್ಚಳ ಹಾಕಿದರು. ಮತ್ತೆ ಸಿಪ್ಪೆ ಕಾಣದ ನಾಯಿ ಕ್ರಮೇಣ ಆ ಚಟ ಮರೆಯಿತು. ನನ್ನೊಡನೆ ಮಾವ ನೇರ ಮಾತಾಡಲಿಲ್ಲ. ಆ ಸಂಜೆ ಮಾತ್ರ ನಾಯಿಯ ಕಿವಿ ತುರಿಸುತ್ತ, "ನನಗ ಕುದಸಾಕ ಬರೂದಿಲ್ಲ, ಇನ್ನ ಮ್ಯಾಲೆ ನೀನ ನೋಡ್ಕೋ ಅಂತ ಹೇಳು ಆಕಿಗೆ" ಎಂದರು. ಆಗಲೆಂದು ನಾಯಿಗೆ ಹೇಳಿದೆ.

ಅದು ಬಹಳ ವರ್ಷ ಬದುಕಿತು. ಮುಪ್ಪಾಗಿ ಕಣ್ಣು ಮಂಜಾದ ಮೇಲೂ ಅದೇ ಹೊಸ್ತಿಲಲ್ಲಿ ಮಲಗಿ ಎರಡೂ ಕಡೆಯ ಮಾತು ಕೇಳುತ್ತಿತ್ತು. ಒಂದು ಬೆಳಗ್ಗೆ ಏಳಲಿಲ್ಲ. ಮಾವನೇ ಹಿತ್ತಲಲ್ಲಿ ಕುಣಿ ತೋಡಿ ಹೂಳಿದರು. ಗೋಡೆಯಾಚೆ ಆಯಿ ನಿಂತಿದ್ದಳು.

ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿ ಬಾಗಿಲ ಮರೆಗೆ ಬಂದೆ. ಬಾಯಿ ತೆರೆದೆ. ಹೊಸ್ತಿಲು ಖಾಲಿ. ಬಳೆ ಸದ್ದು ಮಾಡಲು ಕೈ ಎತ್ತಿದೆ, ಆಗಲಿಲ್ಲ. ಗೋಡೆಗೆ ಒರಗಿ ಹಾಗೇ ನಿಂತೆ. ಆಚೆ ಮಗ್ಗದ ಸದ್ದೂ ನಿಂತಿತ್ತು. ಎಷ್ಟೋ ಹೊತ್ತಿನ ಮೇಲೆ ಮಾವ ಆ ಖಾಲಿ ಜಾಗದತ್ತ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದರು:

"ರೊಟ್ಟಿ ಆದುವೇನು ಕೇಳಪಾ."

"ಆಗ್ಯಾವ, ಏಳ್ರಿ ಅಂತ ಹೇಳು" ಎಂದೆ, ಹೊಸ್ತಿಲ ಕಡೆಯೇ ನೋಡುತ್ತ. ಅವರು ಎದ್ದು ಬಂದು, ನಾಯಿ ಮಲಗುತ್ತಿದ್ದ ಜಾಗವನ್ನು ತುಳಿಯದೆ ದಾಟಿ, ಉಣ್ಣಲು ಕೂತರು.