ಅವ್ವನ ಮೀಸಲು

ನಾನು ಡಾಕ್ಟರಾದೆ ಅಂತ ಊರಿನವರು ಸನ್ಮಾನ ಇಟ್ಟುಕೊಂಡಿದ್ದರು. ಶಾಲು ಹೊದಿಸಿದ ದೊಡ್ಡ ಮನುಷ್ಯರೊಬ್ಬರು ಮೈಕಿನಲ್ಲಿ, ‘ತಂದೆಯಿಲ್ಲದ ಹೆಣ್ಣುಮಗಳು ಕಷ್ಟವನ್ನೆಲ್ಲ ಮೆಟ್ಟಿ ನಿಂತಳು’ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಿಂತವಳು ಅವ್ವ. ಹಿರೀಸಾವೆಯ ಹೈವೇ ಬದಿಯ ಹೋಟೆಲಿನಲ್ಲಿ, ವರ್ಷಗಟ್ಟಲೆ, ಒಲೆಯ ಮುಂದೆ. ಆ ಸನ್ಮಾನದ ಹೊತ್ತಿಗೆ ಅವಳು ಇರಲಿಲ್ಲ, ಹಾಗಾಗಿ ಶಾಲು ನನ್ನ ಹೆಗಲ ಮೇಲೆ ಬಿತ್ತು.

ಅಪ್ಪ ತೀರಿಕೊಂಡಾಗ ನಾನು ಏಳನೇ ಕ್ಲಾಸು. ನುಗ್ಗೇಹಳ್ಳಿ ಕಡೆ ನಮ್ಮದೊಂದು ತುಂಡು ಹೊಲ, ನಾಲ್ಕಾರು ತೆಂಗಿನ ಮರ ಇದ್ದವು, ಅದರಲ್ಲಿ ಹೊಟ್ಟೆ ತುಂಬುತ್ತಿತ್ತೇ ಹೊರತು ಓದು ಆಗುತ್ತಿರಲಿಲ್ಲ. ಅವ್ವ ಹೋಟೆಲಿಗೆ ಮುದ್ದೆ ಮಾಡಲು ಸೇರಿದಳು. ಮನೆಯ ಮುದ್ದೆ ಬೇರೆ, ಹೋಟೆಲಿನ ಮುದ್ದೆ ಬೇರೆ. ಅಲ್ಲಿ ಹಂಡೆಯಷ್ಟು ದೊಡ್ಡ ಪಾತ್ರೆಯಲ್ಲಿ ಹಿಟ್ಟು ಬೇಯುತ್ತದೆ. ಅದನ್ನು ತೊಳಸಲು ಕೈಬಲ ಸಾಲದು, ಕೋಲಿನ ಮೇಲ್ತುದಿಯನ್ನು ಎದೆಗೆ ಆನಿಸಿಕೊಂಡು ಮೈಭಾರವೆಲ್ಲ ಬಿಡಬೇಕು. ಸಂಜೆ ಬಸ್ಸಿಳಿದು ಬರುವಾಗ ಅವಳ ರವಿಕೆಯ ಎಡಭಾಗದಲ್ಲಿ ಯಾವಾಗಲೂ ರಾಗಿಹಿಟ್ಟು ಒಣಗಿರುತ್ತಿತ್ತು.

ನನ್ನ ಓದಿನ ಕಥೆ ಹೇಳಿಕೊಳ್ಳುವಂಥದ್ದೇನಲ್ಲ. ಹತ್ತರವರೆಗೆ ಕನ್ನಡ ಮೀಡಿಯಂ, ಚನ್ನರಾಯಪಟ್ಟಣದಲ್ಲಿ ಪಿಯುಸಿ, ಮೊದಲ ಸಲದ ನೀಟ್ ಪರೀಕ್ಷೆಯಲ್ಲಿ ಪಲ್ಟಿ. ಆ ವರ್ಷ ಅರಕಲಗೂಡಿನ ಅತ್ತೆ ಒಂದು ಗಂಡು ಹಿಡಿದುಕೊಂಡು ಬಂದರು. ತಂಬಾಕು ಬೆಳೆಯುವ ಒಳ್ಳೆಯ ಮನೆತನ, ಹುಡುಗನೂ ಸಾಧು. ಅವ್ವ ಅವರಿಗೆ ಕಾಫಿ ಕೊಟ್ಟು, ‘ಅವ್ಳು ಡಾಕ್ಟ್ರಾಗ್ಲಿ ಕಣಕ್ಕ, ಆಮ್ಯಾಕೆ ನೋಡಾಣ’ ಅಂದಳು. ಅತ್ತೆ ಲೋಟ ಕೆಳಗಿಟ್ಟು, ‘ಫೇಲಾದೋಳು ಯಾವ ಸೀಮೆ ಡಾಕ್ಟ್ರು?’ ಅಂದರು. ಆ ಮಾತಿಗೆ ನಾನು ಹಲ್ಲು ಕಚ್ಚಿ ಓದಿದೆ. ಮುಂದಿನ ವರ್ಷ ಹಾಸನದಲ್ಲಿ ಸರ್ಕಾರಿ ಸೀಟು ಸಿಕ್ಕಿತು. ಅವತ್ತು ಅವ್ವ ಹೋಟೆಲಿಗೆ ಬಂದವರಿಗೆಲ್ಲ ಕೇಳದಿದ್ದರೂ ಇನ್ನೊಂದು ಮುದ್ದೆ ಬಡಿಸಿ ಓನರ್ ಕೈಲಿ ಬೈಸಿಕೊಂಡಳಂತೆ.

ನಮ್ಮ ಕಡೆ ಹಸು ಕರು ಹಾಕಿದರೆ ಮೊದಲ ಹಾಲಿನ ಬೆಣ್ಣೆ ದೇವರಿಗೆ ಮೀಸಲು. ಅದನ್ನು ಒಪ್ಪಿಸುವ ತನಕ ಮನೆಯವರು ನಾಲಿಗೆಗೂ ಮುಟ್ಟಿಸುವುದಿಲ್ಲ, ಬೇರೆಯವರು ಬಂದು ಕೇಳಿದರೂ ಕೊಡುವುದಿಲ್ಲ. ತೆಂಗಿನ ಮೊದಲ ಗೊನೆಗೂ ಇದೇ ಕಟ್ಟು. ಅವ್ವನಿಗೆ ಇದರಲ್ಲೆಲ್ಲ ಬಹಳ ನೇಮ. ನಾನು ರಜಕ್ಕೆ ಬಂದಾಗಲೆಲ್ಲ ಅವಳು, ‘ನೀನು ಡಾಕ್ಟ್ರಾದ್ಮ್ಯಾಕೆ ಮೊದ್ಲು ನನ್ನೇ ನೋಡ್ಬೇಕು. ಅಲ್ಲೀಗಂಟ ಬ್ಯಾರೆಯವ್ರ ಕೈ ಮುಟ್ಟುಸ್ಕಳಕಿಲ್ಲ’ ಅನ್ನುತ್ತಿದ್ದಳು. ನಾನೂ ನಗುತ್ತಾ, ‘ಫೀಸು ಜಾಸ್ತಿ ಆಯ್ತದೆ ಕಣವ್ವ’ ಅನ್ನುತ್ತಿದ್ದೆ. ಹೊಸ ಡಾಕ್ಟರಿಗೆ ಕೈಗುಣ ಬರಲಿ ಅಂತ ಹೀಗೊಂದು ಆಸೆ ಇಟ್ಟುಕೊಂಡಿದ್ದಾಳೆ ಅಂದುಕೊಂಡಿದ್ದೆ. ತಮಾಷೆ ಅಂದುಕೊಂಡಿದ್ದೆ.

ಫೈನಲ್ ಪಾಸಾಗಿ ಹೌಸ್ ಸರ್ಜನ್ ಆದ ಮೇಲೆ ಮೊದಲ ಭಾನುವಾರ ಊರಿಗೆ ಹೋದೆ. ಅವ್ವ ಹೋಟೆಲಿಗೆ ರಜ ಹಾಕಿದ್ದಳು. ತಲೆಗೆ ನೀರು ಹಾಕಿಕೊಂಡು, ದೇವರಿಗೆ ದೀಪ ಹಚ್ಚಿ, ಗೌರಿ ಹಬ್ಬದ ಸೀರೆ ಉಟ್ಟಿದ್ದಳು. ನನ್ನ ಕೈಗೆ ಸೋಪು ಕೊಟ್ಟು ತಾನೇ ನೀರು ಹೊಯ್ದು ತೊಳೆಸಿದಳು. ಆಮೇಲೆ ಬಾಗಿಲು ಹಾಕಿ, ಕಿಟಕಿಯ ಬೆಳಕಿಗೆ ಚಾಪೆ ಎಳೆದು ಕೂತು ಸೆರಗು ತೆಗೆದಳು.

‘ನೋಡವ್ವ. ಇಲ್ಲೊಂದು ಗಂಟು ಐತೆ. ಹಿಟ್ಟಿನ ಕೋಲು ಒತ್ತೀ ಒತ್ತೀ ಆಗಿರಾದು. ನಿಂಗೇ ಅಂತ ಮೀಸ್ಲು ಮಡಗಿವ್ನಿ, ಯಾರ್ಗೂ ತೋರ್ಸಿಲ್ಲ.’

ಎಡ ಎದೆಯ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಆಗಿತ್ತು. ಬೆರಳಿಟ್ಟರೆ ಗಂಟು ಅಲುಗಲಿಲ್ಲ, ಎದೆಗೂಡಿಗೆ ಅಂಟಿಕೊಂಡಿತ್ತು. ಕಂಕುಳಿಗೆ ಕೈ ಹಾಕಿದೆ, ಅಲ್ಲೂ ಗಂಟುಗಳಿದ್ದವು. ಕೋಲು ಒತ್ತಿ ಇಂಥದ್ದು ಬರುವುದಿಲ್ಲ. ಪುಸ್ತಕದಲ್ಲಿ ಓದಿದ್ದು, ಮೇಷ್ಟ್ರು ಕೇಳಿದಾಗ ಪಟಪಟನೆ ಒಪ್ಪಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದು, ಒಂದೊಂದೂ ನನ್ನ ಅವ್ವನ ಮೈಮೇಲಿತ್ತು. ಯಾವಾಗಿನಿಂದ ಅಂತ ಕೇಳಿದೆ. ನಾನು ಮೂರನೇ ವರ್ಷದಲ್ಲಿದ್ದಾಗ ಕಡಲೆಕಾಳಿನಷ್ಟಿತ್ತಂತೆ. ಅದೇ ವರ್ಷ ಕಾಲೇಜಿನಿಂದ ನಾವು ಹಳ್ಳಿ ಹಳ್ಳಿ ತಿರುಗಿ ಹೆಂಗಸರಿಗೆ, ಎದೆಯಲ್ಲಿ ಗಂಟು ಕಂಡರೆ ಕೂಡಲೇ ತೋರಿಸಿ ಅಂತ ಚಿತ್ರ ಹಿಡಿದು ಹೇಳಿಕೊಟ್ಟಿದ್ದೆವು.

ನಾನು ಕೂಗಾಡಿದೆ. ಫೋನಿನಲ್ಲಿ ಒಂದು ಮಾತು ಹೇಳಬಾರದಿತ್ತೇ, ಹಾಸನದಲ್ಲಿ ಅಷ್ಟು ಜನ ದೊಡ್ಡ ಡಾಕ್ಟರುಗಳಿದ್ದರು, ಯಾರು ಕಾಯೋಕೆ ಹೇಳಿದ್ದು ಅಂತ ಬಾಯಿಗೆ ಬಂದ ಹಾಗೆ ಅಂದೆ. ಅವ್ವ ರವಿಕೆಯ ಗುಂಡಿ ಹಾಕಿಕೊಳ್ಳುತ್ತಾ, ‘ಯೋಳಿದ್ರೆ ಓದು ಬಿಟ್ ಬತ್ತಿದ್ದೆ. ಈಗೇನಾಯ್ತು, ನೀನೇ ಡಾಕ್ಟ್ರಾಗಿ ಬಂದಿದ್ದೀಯಲ್ಲ’ ಅಂದಳು. ಇಷ್ಟು ದಿನ ಜೋಪಾನ ಮಾಡಿ ತಂದಿದ್ದನ್ನು ಒಪ್ಪಿಸಿದ ನೆಮ್ಮದಿ ಅವಳ ಮುಖದಲ್ಲಿತ್ತು. ನನಗೆ ಅದನ್ನು ನೋಡಲು ಆಗಲಿಲ್ಲ.

ಹಾಸನಕ್ಕೆ ಕರೆದುಕೊಂಡು ಹೋದೆ. ನನಗೆ ಪಾಠ ಹೇಳಿದ ಸರ್ಜನ್ನರೇ ನೋಡಿದರು. ಬೆನ್ನುಮೂಳೆಗೂ ಶ್ವಾಸಕೋಶಕ್ಕೂ ಹರಡಿತ್ತು, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಅಂದರು. ಔಷಧಿ ಶುರುವಾಯಿತು, ಕೂದಲು ಉದುರಿತು. ನಾನು ಬರೀ ಹೌಸ್ ಸರ್ಜನ್, ಡ್ರಿಪ್ ಬಾಟಲಿ ಬದಲಿಸುವುದು ಬಿಟ್ಟು ಇನ್ನೇನೂ ನನ್ನ ಕೈಲಿರಲಿಲ್ಲ. ಅವ್ವ ಮಾತ್ರ ಪಕ್ಕದ ಮಂಚದವರಿಗೆಲ್ಲ, ‘ನಮ್ ಹುಡ್ಗಿನೇ ಟ್ರೀಟ್ಮೆಂಟು ಕೊಡ್ತಾವ್ಳೆ, ದೊಡ್ ಡಾಕ್ಟ್ರು ಸುಮ್ಕೆ ಬಂದು ನೋಡ್ಕಂಡ್ ಓಯ್ತಾರೆ’ ಅನ್ನುತ್ತಿದ್ದಳು. ಆ ದೊಡ್ಡ ಡಾಕ್ಟರು ಕೇಳಿಸಿಕೊಂಡೂ ಸುಮ್ಮನಿದ್ದರು. ಅವರಿಗೆ ನಾನು ಇವತ್ತಿಗೂ ಋಣಿ. ನಾನಂತೂ ಪ್ರತಿ ದಿನ ಬೆಳಗ್ಗೆ ಅವಳಿಗೆ, ಕಡಿಮೆಯಾಗುತ್ತಿದೆ ಅಂತ ಸುಳ್ಳು ಹೇಳುತ್ತಿದ್ದೆ. ಸುಳ್ಳು ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡಿದ್ದೆ.

ಕೊನೆಗೆ ಮನೆಗೇ ಕರೆತಂದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಅವ್ವ ಎರಡು ಚಮಚ ನುಂಗಿ, ಸಾಕು ಅಂತ ಕೈ ಮಾಡಿ, ನನ್ನನ್ನೇ ನೋಡಿದಳು.

‘ಅವತ್ತು ಚಾಪೆ ಮ್ಯಾಲೆ ನೋಡ್ದಲ್ಲ, ಅವತ್ತೇ ನಂಗೆ ಗೊತ್ತಾಯ್ತು ಕಣ್ ಮಗ. ನಿನ್ ಮುಖ ನೋಡ್ದೆ.’

ಅವಳು ಉಸಿರು ಎಳೆದುಕೊಂಡು, ಬೈಯುವವಳ ಹಾಗೆ ಅಂದಳು, ‘ಬ್ಯಾರೆಯವ್ರ ಮುಂದೆ ಅಂಗೆ ಮುಖ ಮಾಡ್‌ಬ್ಯಾಡ. ಪಾಪ, ಎದ್ರುಕತ್ತಾರೆ.’

ಆ ವಾರವೇ ಹೋದಳು.

ಈಗ ಹೊಳೆನರಸೀಪುರದ ಹತ್ತಿರ ಕೆಲಸ ಮಾಡುತ್ತೇನೆ. ಸಿಡುಕಿ ಡಾಕ್ಟರಮ್ಮ ಅಂತ ಹೆಸರಿದೆ, ಇರಲಿ. ಅವ್ವನ ವಯಸ್ಸಿನ ಹೆಂಗಸರು ಪರೀಕ್ಷೆಗೆ ಕೂತು ಸೆರಗು ಸರಿಸಿದಾಗ ನಾನು ಅವರ ಬೆನ್ನ ಹಿಂದೆ ಹೋಗಿ ನಿಲ್ಲುತ್ತೇನೆ. ಹಿಂದಿನಿಂದ ಕೈ ಬಳಸಿ ನೋಡುತ್ತೇನೆ, ನನ್ನ ಮುಖ ಅವರಿಗೆ ಕಾಣದ ಹಾಗೆ.